ಕಪ್ಪು ಪರದೆಯ ಸಾಹೇಬರು

ಕಚೇರಿಯ ಕಡತಗಳೆಲ್ಲ ಇರುವ ಸ್ಟೋರೇಜ್ ಯಂತ್ರವನ್ನು ನೋಡಿಕೊಳ್ಳುವ ಸಾಹೇಬರಿಗೆ, ಅದನ್ನು ನಡೆಸುವ ಯಾವ ಹೊಸ ಸಾಫ್ಟ್‌ವೇರೂ ಹಿಡಿಸದು. ಮಾರಲು ಬಂದವರು ಬಣ್ಣಬಣ್ಣದ ಪರದೆ ತೋರಿಸಿದಷ್ಟೂ ಮೂಗು ಮುರಿಯುತ್ತಾರೆ. “ಇದೇನ್ರೀ, ಐಸ್‌ಕ್ರೀಮ್ ಅಂಗಡಿನಾ? ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟು ಸಾಕು!” ಎಂದು ಗದರಿ, ಎರಡೇ ಬೆರಳಲ್ಲಿ ಮಾರುದ್ದದ ಆಜ್ಞೆ ಕುಟ್ಟಿ, ಕೋಟೆ ಗೆದ್ದವರಂತೆ ಕುರ್ಚಿಗೊರಗುತ್ತಾರೆ. ಆದರೆ ಡಿಸ್ಕೊಂದು ಕೆಟ್ಟಿದೆ ಎಂದಾಗ ಮಾತ್ರ ಯಂತ್ರದ ಕೋಣೆಗೆ ಒಬ್ಬರೇ ಹೋಗುವವರಲ್ಲ. “ಅಕ್ಕಾ, ಒಂಚೂರು ಬರ್ತೀರಾ? ಕನ್ನಡಕ ಮರೆತೆ,” ಎಂದು ಟೈಪಿಸ್ಟ್ ಅಕ್ಕನನ್ನು ಕರೆಯುತ್ತಾರೆ. ಕನ್ನಡಕ ಮೂಗಿನ ಮೇಲೇ ಇರುತ್ತದೆ. ಅಕ್ಕ ಒಂದೊಂದು ಡಿಸ್ಕಿಗೂ ಒಂದೊಂದರಂತೆ ಉರಿಯುವ ದೀಪಗಳ ಸಾಲನ್ನು ನೋಡಿ, ತಮಗೆ ತಾವೇ ಹೇಳಿಕೊಳ್ಳುವಂತೆ, “ಮೇಲಿಂದ ಮೂರನೇದು ಕೆಂಪು, ಉಳಿದದ್ದೆಲ್ಲ ಹಸಿರು,” ಎನ್ನುತ್ತಾರೆ. ಕೆಂಪು, ಹಸಿರು ಎರಡೂ ಸಾಹೇಬರ ಕಣ್ಣಿಗೆ ಒಂದೇ ಎಂಬುದನ್ನು ಹನ್ನೊಂದು ವರ್ಷದಲ್ಲಿ ಅಕ್ಕ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಮುಂದಿನ ತಿಂಗಳು ಅಕ್ಕನಿಗೆ ನಿವೃತ್ತಿ. ಕಚೇರಿ ಕೊನೆಗೂ ಕೊಳ್ಳಲಿರುವ ಹೊಸ ಸಾಫ್ಟ್‌ವೇರ್‌ನಲ್ಲಿ ಏನೇನಿರಬೇಕು ಎಂದು ಸಾಹೇಬರು ಹೇಳಿದ ಪಟ್ಟಿಯನ್ನು ಅಕ್ಕ ಟೈಪು ಮಾಡಿ, ಅವರು ಹೇಳದ ಒಂದು ಸಾಲನ್ನು ಕೊನೆಗೆ ತಾವೇ ಸೇರಿಸಿದರು: ‘ಕೆಟ್ಟ ಡಿಸ್ಕ್ ಎಷ್ಟನೆಯದೆಂದು ಅಕ್ಷರದಲ್ಲಿ ಹೇಳಬೇಕು, ಬರೀ ಬಣ್ಣ ಸಾಲದು.’ ಸಾಹೇಬರು ಆ ಸಾಲನ್ನು ಎರಡು ಸಲ ಓದಿ, ತಲೆ ಎತ್ತದೆ ಹೇಳಿದರು: “ಅಕ್ಕಾ, ಇವತ್ತೂ ಕನ್ನಡಕ ಮರೆತೆ. ಸಹಿ ಎಲ್ಲಿ ಹಾಕ್ಲಿ?”