ಗುಂಪಿನಲ್ಲಿ ಚರ್ಚಿಸಿ

ಪ್ರಮೋದಾ ಮೇಡಂ ಅವರ ಶಾಲೆಗೆ ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಅದು ನನ್ನ ಕೆಲಸ. ಸಿ.ಆರ್.ಪಿ. ಎಂದರೆ ಹದಿನಾಲ್ಕು ಸರ್ಕಾರಿ ಶಾಲೆಗಳನ್ನು ಬೈಕಿನಲ್ಲಿ ಸುತ್ತಿ, ಮೇಲಿನಿಂದ ಬಂದ ಕಾಗದವನ್ನು ಕೆಳಗೆ ಕೊಟ್ಟು, ಕೆಳಗಿನ ಕಾಗದವನ್ನು ಮೇಲಕ್ಕೆ ಕಳಿಸುವವನು. ಅಧಿಕಾರವೂ ಇಲ್ಲ, ಪಾಠ ಮಾಡುವ ಸುಖವೂ ಇಲ್ಲ. ನನ್ನನ್ನು ಕಂಡರೆ ಬೇರೆ ಶಾಲೆಗಳಲ್ಲಿ ಮುಖ ಸಿಂಡರಿಸುತ್ತಿದ್ದರು. ಆದರೆ ಸಮೇತನಹಳ್ಳಿಯಿಂದ ನಾಲ್ಕು ಕಿಲೋಮೀಟರು ಒಳಗಿದ್ದ ಆ ಪುಟ್ಟ ಊರಿನ ಶಾಲೆಯ ಮುಂದೆ ಬೈಕ್ ನಿಲ್ಲಿಸಿದರೆ ಮೇಡಂ ಓಡಿಯೇ ಬರುತ್ತಿದ್ದರು. ನನ್ನ ಮೇಲಿನ ಗೌರವಕ್ಕಲ್ಲ. ದೊಡ್ಡವರ ಮಾತು ಆಡಲು ಒಂದು ಜೀವ ಸಿಕ್ಕಿತಲ್ಲ ಎಂದು.

ಅದು ಒಬ್ಬರೇ ಶಿಕ್ಷಕರ ಶಾಲೆ. ಹೆಡ್‌ಮಿಸ್ ಅವರೇ, ಸಹಶಿಕ್ಷಕಿ ಅವರೇ, ಗಂಟೆ ಹೊಡೆಯುವವರೂ ಅವರೇ. ಹೀಗೆ ಹನ್ನೊಂದು ವರ್ಷ. ಮದುವೆ ಆಗಿರಲಿಲ್ಲ, ಯಾಕೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹೊಸಕೋಟೆಯ ಬಾಡಿಗೆ ಮನೆಯಲ್ಲಿ ಜೊತೆಗಿದ್ದ ತಾಯಿ ತೀರಿಕೊಂಡ ಮೇಲೆ, ಬೆಳಿಗ್ಗೆ ತಾವು ಹಾಕಿದ ಬೀಗವನ್ನು ಸಂಜೆ ತಾವೇ ತೆಗೆಯುತ್ತಿದ್ದರು. ಊರಿನ ಮಕ್ಕಳನ್ನೆಲ್ಲ ಹಳದಿ ವ್ಯಾನುಗಳು ಇಂಗ್ಲಿಷ್ ಶಾಲೆಗಳಿಗೆ ಹೊತ್ತೊಯ್ದು, ಕೊನೆಗೆ ಇವರಿಗೆ ಉಳಿದವರು ನಾಲ್ವರು. ಒಂದನೇ ತರಗತಿಯಲ್ಲಿ ಇಬ್ಬರು, ಎರಡರಲ್ಲಿ ಒಬ್ಬ, ಮೂರರಲ್ಲಿ ಚಂದನ. ಬಿಸಿಯೂಟ ಬೇಯಿಸುತ್ತಿದ್ದ ಕದಿರಮ್ಮ ಈ ಚಂದನಳ ಅಜ್ಜಿ.

ಆ ವರ್ಷ ಹೊಸ ಪಠ್ಯದ ಕರಡು ಬಂತು. ದೇಶಕ್ಕೆಲ್ಲ ಒಂದು ಚೌಕಟ್ಟು ದೆಹಲಿಯಲ್ಲಿ ತಯಾರಾಗಿ, ಅದರ ಮೇಲೆ ಬೆಂಗಳೂರಿನಲ್ಲಿ ಕನ್ನಡ ಪುಸ್ತಕ ಬರೆದು, ಮಕ್ಕಳ ತಲೆಗೆ ಹತ್ತುತ್ತದೋ ಇಲ್ಲವೋ ನೋಡಿ ಎಂದು ನಮ್ಮ ಕಡೆಗೆ ತಳ್ಳಿದ್ದರು. ಆರು ವಾರ ಪಾಠ ಮಾಡಿ, ಹಿಮ್ಮಾಹಿತಿ ನಮೂನೆ ತುಂಬಿ ಕಳಿಸಬೇಕು. ನಮ್ಮಲ್ಲಿ ಅದನ್ನು ತುಂಬುವ ಕ್ರಮವೇ ಬೇರೆ. ತುಂಬಿದ ಒಂದು ಪ್ರತಿ ತಾಲ್ಲೂಕಿನ ವಾಟ್ಸಾಪ್ ಗುಂಪಿಗೆ ಬೀಳುತ್ತದೆ; ಉಳಿದವರು ಶಾಲೆಯ ಹೆಸರು ಬದಲಿಸಿ ಸಹಿ ಹಾಕುತ್ತಾರೆ. ಭಾಷೆ ತೃಪ್ತಿಕರ, ಚಿತ್ರ ತೃಪ್ತಿಕರ, ಚಟುವಟಿಕೆ ತೃಪ್ತಿಕರ. ಪುಸ್ತಕದ ಹೊದಿಕೆಯನ್ನೂ ನೋಡದೆ ಆ ಮೊದಲ ಪ್ರತಿಯನ್ನು ಬರೆದು ಹಾಕುತ್ತಿದ್ದ ಪುಣ್ಯಾತ್ಮ ನಾನೇ, ಸಂಜೀವಪ್ಪ.

ಪ್ರಮೋದಾ ಮೇಡಂ ಒಬ್ಬರೇ ಪುಸ್ತಕವನ್ನು ನಿಜವಾಗಿ ಪಾಠ ಮಾಡಿದರು. ಮೂರನೇ ತರಗತಿಯ ಪರಿಸರ ಅಧ್ಯಯನದಲ್ಲಿ ‘ಕೆರೆ ಯಾರದು?’ ಎಂಬ ಪಾಠವಿತ್ತು. ಒಬ್ಬರು ರೈತ, ಒಬ್ಬರು ಮೀನು ಹಿಡಿಯುವವರು, ಒಬ್ಬರು ದನ ಕಾಯುವವರು, ಒಬ್ಬರು ಮನೆ ಕಟ್ಟುವವರು ಆಗಿ, ಗುಂಪಿನಲ್ಲಿ ಚರ್ಚಿಸಿ ಎಂದಿತ್ತು. ಒಳ್ಳೆಯ ಪಾಠವೇ. ಆದರೆ ಚಂದನಳ ತರಗತಿಗೆ ಚಂದನಳೇ ಗುಂಪು. ಚಿಕ್ಕ ಮಕ್ಕಳನ್ನು ಸೇರಿಸಿ ನೋಡಿದರು. ಅವು ಅಕ್ಕ ಹೇಳಿದ್ದಕ್ಕೆಲ್ಲ ಹೂಂಗುಟ್ಟಿದವು. ಕೊನೆಗೆ ಐವತ್ತೈದರ ಮೇಡಂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತಾವೇ ಮೀನಿನವರಾಗಿ, ತಾವೇ ದನದವರಾಗಿ, ಗಂಟಲು ಬದಲಿಸಿ ವಾದ ಮಾಡಿದರು. ಹುಡುಗಿ ಮೊದಲು ನಕ್ಕಳಂತೆ. ಮೂರನೆಯ ದಿನ ಪುಸ್ತಕ ಮುಚ್ಚಿಬಿಟ್ಟಳು.

“ಬ್ಯಾಡ ಮಿಸ್. ನಿಮ್ ಜೊತೆ ಜಗಳ ಆಡಕ್ಕಾಗಲ್ಲ. ನೀವು ಬೇಕಂತ ಸೋಲ್ತೀರ.”

ಇದನ್ನು ನನಗೆ ಹೇಳುವಾಗ ಮೇಡಂ ಕಣ್ಣು ಒರೆಸಿಕೊಂಡರು. “ಮೂರು ವರ್ಷದಿಂದ ಅವಳ ಓರಗೆಯೋರು ಒಬ್ರೂ ಇಲ್ಲ ಸಾರ್. ಅವಳಿಗೆ ಎಲ್ಲಾ ಓದಕ್ಕೆ ಬರುತ್ತೆ. ಇನ್ನೊಬ್ರ ಜೊತೆ ಮಾತಾಡಕ್ಕೇ ಬರಲ್ಲ. ಇದನ್ನ ಬರೀಬೇಕು. ಒಂದೇ ಮಗು ಇರೋ ತರಗತಿಗೆ ಏನ್ ಮಾಡಿ ಅಂತ ಪುಸ್ತಕದಲ್ಲಿ ಎರಡು ಸಾಲಾದ್ರೂ ಬರಲಿ.”

ನನಗೆ ದಿಗಿಲಾಯಿತು. ಮಗುವಿನ ಚಿಂತೆಯಿಂದ ಎಂದುಕೊಳ್ಳಬೇಡಿ. ಒಂದು ತರಗತಿಗೆ ಒಂದೇ ಮಗು ಎಂದು ಮೇಲಿನವರಿಗೆ ಬರೆದು ತಿಳಿಸುವುದು ಇರುವೆಯನ್ನು ಕರೆದು ಬೆಲ್ಲ ತೋರಿಸಿದ ಹಾಗೆ. ಶಾಲೆ ಉಳಿಯುವುದಿಲ್ಲ.

“ಮೇಡಂ, ತೃಪ್ತಿಕರ ಅಂತ ಬರ್ದು ಕೈ ತೊಳ್ಕೊಳಿ. ನಿಮಗಿನ್ನೂ ಐದು ವರ್ಷ ಸರ್ವಿಸ್ ಐತೆ. ಊರ ಉಸಾಬರಿ ಯಾಕೆ?”

“ಊರ ಉಸಾಬರಿ ಅಲ್ಲ ಸಾರ್, ನನ್ ಮಗು” ಎಂದರು. ಹಾಗೆ ಅಂದದ್ದಕ್ಕೆ ತಾವೇ ನಾಚಿಕೊಂಡರು.

ಬರೆದೇ ಕಳಿಸಿದರು. ಎರಡು ಪುಟ, ದುಂಡಗಿನ ಅಕ್ಷರ. ನಾನು ಆ ಹಾಳೆಗಳನ್ನು ತೆಗೆದು ನನ್ನ ತೃಪ್ತಿಕರವನ್ನು ಸೇರಿಸಬಹುದಿತ್ತು. ಆ ದಿನ ಸೋಮಾರಿತನವಾಯಿತು, ಕಟ್ಟಿನ ಜೊತೆ ಹಾಗೇ ಹೋಯಿತು.

ತಾಲ್ಲೂಕಿನಲ್ಲಿ ಪರಿಶೀಲನೆಯ ಸಭೆ ಸೇರಿತು. ಅರವತ್ತೆಂಟು ನಮೂನೆಗಳಲ್ಲಿ ಅರವತ್ತೇಳು ಒಂದೇ ತಾಯಿಯ ಮಕ್ಕಳು. ಬೆಂಗಳೂರಿನಿಂದ ಬಂದಿದ್ದ ಸಮಿತಿಯ ಹಿರಿಯರು ಅವುಗಳನ್ನು ಪಟಪಟನೆ ಮಗುಚಿ ಹಾಕಿ, ಉಳಿದ ಒಂದರ ಮೇಲೆ ಬೆರಳಿಟ್ಟರು. ಗಟ್ಟಿಯಾಗಿ ಓದಿದರು. ಹಿಂದಿನ ಸಾಲಿನಲ್ಲಿ ಮೇಡಂ ಎದ್ದು ನಿಂತಿದ್ದರು, ಪ್ರಶ್ನೆ ಕೇಳಿದರೆ ಉತ್ತರಿಸೋಣ ಎಂದು ಸೆರಗು ಸರಿಮಾಡಿಕೊಂಡು.

“ತುಂಬಾ ಚೆನ್ನಾಗಿ ಬರೆದಿದ್ದೀರಮ್ಮ” ಎಂದರು ಹಿರಿಯರು. “ಆದರೆ ಇದು ಪಠ್ಯದ ದೋಷ ಅಲ್ಲ, ಶಾಲೆಯ ದೋಷ. ಇದು ಆಡಳಿತದ ಕಡೆಗೆ ಹೋಗ್ಬೇಕು.” ಮೂಲೆಯಲ್ಲಿ ಹಾಗೆಂದು ಕೆಂಪು ಶಾಯಿಯಲ್ಲಿ ಬರೆದು ಬೇರೆ ಕಡತಕ್ಕೆ ಸೇರಿಸಿದರು. ಮೇಡಂ ಇನ್ನೂ ನಿಂತೇ ಇದ್ದರು. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಪುಸ್ತಕದ ಬಗ್ಗೆ ಬರೆದ ಕಾಗದ ಶಾಲೆಯ ಮೇಲೆ ದೂರಾಗಿ ತಿರುಗಿ ಬಂತು. ತಿಂಗಳೊಳಗೆ ಒಬ್ಬರು ಬಂದು ಮಕ್ಕಳ ತಲೆ ಎಣಿಸಿಕೊಂಡು ಹೋದರು. ಶಾಲೆ ಮುಚ್ಚುತ್ತಾರಂತೆ ಎಂದು ಊರಲ್ಲಿ ಸುದ್ದಿಯಾಯಿತು. ಜೂನಿನಲ್ಲಿ ನಾಲ್ಕು ಮನೆಯವರೂ ಬಂದು ಟಿ.ಸಿ. ಕೇಳಿದರು. ಮೇಡಂ ನಾಲ್ಕನ್ನೂ ತಮ್ಮ ಕೈಯಾರೆ ಬರೆದುಕೊಟ್ಟರು. ಮಕ್ಕಳಿಲ್ಲದ ಮೇಲೆ ಕದಿರಮ್ಮನಿಗೂ ಕೆಲಸವಿಲ್ಲ. ಗುಲಾಬಿ ತೋಟದ ಕೂಲಿಗೆ ಹೊರಟಳು. ಹೋಗುವಾಗ ಬಾಗಿಲಲ್ಲಿ ನಿಂತು, “ಒಂದು ಸುಳ್ಳು ಬರ್ದಿದ್ರೆ ನಿಮ್ ಗಂಟೇನ್ ಹೋಗ್ತಿತ್ತು ಮೇಡಮ್ಮೋರೆ?” ಎಂದಳು.

ಮಕ್ಕಳು ಹೋದರೂ ಶಿಕ್ಷಕರು ಹೋಗುವಂತಿಲ್ಲ. ಬೇರೆ ಶಾಲೆಗೆ ನಿಯೋಜನೆಯ ಆದೇಶ ಬರುವವರೆಗೆ ದಿನಾ ಬಂದು ಸಹಿ ಹಾಕಿ ಕೂರಬೇಕು. ಜೂನ್ ಕಳೆಯಿತು, ಜುಲೈ ಕಳೆಯಿತು. ನಾನು ತಿಂಗಳಿಗೊಮ್ಮೆ ಬದಲು ವಾರಕ್ಕೊಮ್ಮೆ ಹೋಗತೊಡಗಿದೆ. ಹೋದಾಗಲೆಲ್ಲ ಕೋಣೆ ಗುಡಿಸಿರುತ್ತಿತ್ತು, ಹಲಗೆಯ ಮೇಲೆ ಅಂದಿನ ತಾರೀಖು ಬರೆದಿರುತ್ತಿತ್ತು, ಹಾಜರಾತಿ ಸೊನ್ನೆ. ಮೊದಮೊದಲು ಮಾತಾಡುತ್ತಿದ್ದರು. ಆಮೇಲೆ ಟೀ ಮುಗಿಯುವ ತನಕ ಇಬ್ಬರೂ ಸುಮ್ಮನೆ ಕೂತಿರುತ್ತಿದ್ದೆವು. ಆ ಮೌನದಲ್ಲಿ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಮೂವತ್ತು ವರ್ಷ ಸುಳ್ಳು ಬರೆದ ನನಗೆ ಸುತ್ತಲು ಹದಿನಾಲ್ಕು ಶಾಲೆ, ಒಂದೇ ಒಂದು ನಿಜ ಬರೆದವರಿಗೆ ಖಾಲಿ ಕೋಣೆ.

ಆಗಸ್ಟಿನಲ್ಲಿ ಒಂದು ದಿನ, “ಚಂದನಳ ಪ್ರಗತಿಪತ್ರ ಇಲ್ಲೇ ಉಳ್ಕೊಂಡಿದೆ ಸಾರ್, ಕೊಟ್ಟು ಬರೋಣ್ವಾ?” ಎಂದರು. ಪ್ರಗತಿಪತ್ರ ನೆಪ ಎಂದು ಇಬ್ಬರಿಗೂ ಗೊತ್ತಿತ್ತು. ಬೈಕಿನಲ್ಲಿ ಕೂರಿಸಿಕೊಂಡು ಅವಳ ಹೊಸ ಶಾಲೆಗೆ ಹೋದೆ. ನಾಲ್ಕನೇ ತರಗತಿಯಲ್ಲಿ ಮೂವತ್ತೆರಡು ಮಕ್ಕಳು. ಚಂದನ ಐದಾರು ಹುಡುಗಿಯರ ನಡುವೆ ಕೂತು, ಒಬ್ಬಳ ಕೈಯಿಂದ ಏನನ್ನೋ ಕಿತ್ತುಕೊಳ್ಳುತ್ತ ಜೋರಾಗಿ ಕಿರುಚುತ್ತಿದ್ದಳು. ಮೇಡಂ ಕಿಟಕಿಯ ಸರಳು ಹಿಡಿದು ನೋಡುತ್ತಲೇ ನಿಂತರು. ಅವರ ಮುಖದಲ್ಲಿ ಅಷ್ಟೊಂದು ಸಂತೋಷವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಅದನ್ನು ನೋಡಿ ನನಗೆ ಅಳು ಬಂತು.

ಚಂದನ ಇವರನ್ನು ಕಂಡು ಓಡಿ ಬಂದಳು. ಸೊಂಟ ತಬ್ಬಿಕೊಂಡು ಹೊಸ ಗೆಳತಿಯರ ಹೆಸರನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಆಮೇಲೆ ಏನೋ ಹೊಳೆದಂತೆ ತಲೆಯೆತ್ತಿದಳು.

“ಮಿಸ್, ಈಗ ಅಲ್ಲಿ ನಿಮ್ ಜೊತೆ ಯಾರವ್ರೆ?”

ಮೇಡಂ ಅವಳ ಕೆನ್ನೆ ಸವರಿದರು.

“ಹೊಸ ಮಕ್ಕಳು ತುಂಬಾ ಜನ ಸೇರ್ಕೊಂಡಿದಾರೆ ಕಣಮ್ಮ. ಅವರ ಗಲಾಟೆ ತಡೆಯಕ್ಕೇ ಆಗಲ್ಲ. ಬೇಕಾದ್ರೆ ಸಂಜೀವಪ್ಪ ಸಾರ್‌ನ ಕೇಳು.”

ಹುಡುಗಿ ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.