ಎರಡನೆಯ ಗುಡ್ಡೆ

ಅಂಕಲ್ ಅವರ ಬಲಗೈಯ ಮೂರು ಬೆರಳುಗಳು ನಡುಗೆಣ್ಣಿಗೇ ಮುಗಿಯುತ್ತಿದ್ದವು. ಹಿಮ ತಿಂದುಬಿಟ್ಟಿದ್ದ ಆ ಮೋಟು ಬೆರಳುಗಳಿಂದಲೇ ಮೊಸರನ್ನ ಕಲಸಿ, ತಟ್ಟೆಯ ನಡುವೆ ಕೂಡಿಸಿ, ಅವರು ತಮ್ಮ ಶಿಖರ ಕಟ್ಟುತ್ತಿದ್ದರು. ಎರಡೇ ಬೆರಳಿರಬಹುದು ಎಂದೂ ಒಮ್ಮೊಮ್ಮೆ ಅನ್ನಿಸುತ್ತದೆ. ಮೂರು ಎಂದೇ ಇಟ್ಟುಕೊಳ್ಳುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತಿತ್ತು. ನಾನು ಅಮೆರಿಕದಲ್ಲಿ, ಡಲ್ಲಾಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ ಭೂವಿಜ್ಞಾನ ಓದುತ್ತಿದ್ದೆ. ಅಂಕಲ್ ಅಲ್ಲೇ ಮಗಳ ಮನೆಗೆ ಬಂದು ನೆಲೆಸಿದ್ದರು. ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಭಾನುವಾರದ ಊಟ ಅವರ ಮನೆಯಲ್ಲೇ. ಬಾಗಿಲಲ್ಲಿ ಕಂಡ ಕೂಡಲೇ ಅಂಕಲ್ ಕೂಗುತ್ತಿದ್ದರು: "ಷೂ ಬಿಚ್ಚಿ ಬಾರಪ್ಪ, ಇದು ಬೇಸ್ ಕ್ಯಾಂಪು!" ಡಲ್ಲಾಸ್ ಅವರಿಗೆ ಹಿಡಿಸಿರಲಿಲ್ಲ. "ಏನ್ ಊರಯ್ಯ ಇದು, ಫ್ಲೈಓವರ್ ಬಿಟ್ರೆ ಹತ್ತೋಕೆ ಒಂದು ದಿಬ್ಬ ಇಲ್ಲ."

ಅವರ ಶಿಖರ ಕಾರಾಕೋರಂನ ಪೂರ್ವದ ಅಂಚಿನದು. ನಕ್ಷೆಯಲ್ಲಿ ಅದಕ್ಕೆ ಹೆಸರಿಲ್ಲ, ಎತ್ತರದ ಅಂಕಿ ಮಾತ್ರ. ಎದುರಿನ ಬೆಟ್ಟಗಳು ಮರೆಮಾಡುವುದರಿಂದ ಯಾವ ಹಳ್ಳಿಗೂ ಅದು ಕಾಣದು. ಕೊನೆಯ ಹಳ್ಳಿಯಿಂದ ಹಿಮನದಿಯ ಮೇಲೆ ಐದು ದಿನ ನಡೆದರೆ ಅದರ ಬುಡ. ಅನ್ನದ ಪಶ್ಚಿಮದ ಮೈಯನ್ನು ಚಮಚದಿಂದ ಕೆತ್ತಿ, "ಈ ಕಡೆಯಿಂದ ಬಂದ ಮೊದಲನೇ ತಂಡ, ಹಿಮ ಕುಸಿದು ವಾಪಸ್ ಹೋಯ್ತು," ಎನ್ನುವರು. ಎರಡನೆಯ ತಂಡವನ್ನು ಬಿರುಗಾಳಿ ಹನ್ನೊಂದು ದಿನ ಡೇರೆಯಲ್ಲೇ ಕೂರಿಸಿ ಹಿಂದಕ್ಕೆ ಕಳಿಸಿತಂತೆ. ಅಂಕಲ್ ಮತ್ತು ಅವರ ಜೊತೆಗಾರ ದಕ್ಷಿಣದ ಏಣು ಹಿಡಿದು ಹತ್ತಿದರು. ದಾಖಲೆಯ ಪ್ರಕಾರ ತುದಿ ಮುಟ್ಟಿದವರು ಅವರಿಬ್ಬರೇ. ಇಳಿಯುವಾಗ ಜೊತೆಗಾರ ಜಾರಿಬಿದ್ದು ತೀರಿಕೊಂಡರು.

ಒಂದು ಭಾನುವಾರ ಅಕ್ಕ ಮನೆಯಲ್ಲಿರಲಿಲ್ಲ. ಅಂಕಲ್ ಎಂದಿನಂತೆ ಶಿಖರ ಕಟ್ಟಿದರು. ಆಮೇಲೆ ಅದರ ಉತ್ತರಕ್ಕೆ ಇನ್ನೊಂದು ಗುಡ್ಡೆ ಮಾಡಿದರು, ತುಸು ಎತ್ತರದ್ದು.

"ನಾವು ನಿಂತಿದ್ದು ಇದ್ರ ಮೇಲೆ," ಎಂದು ಮೊದಲಿನದನ್ನು ತೋರಿಸಿದರು. "ಮೋಡ ಮುಚ್ಚಿತ್ತು, ಇದೇ ತುದಿ ಅಂದ್ಕೊಂಡ್ವಿ. ಅವನು ಬಾವುಟ ಕಟ್ತಿದ್ದ, ಬೆನ್ನು ಆ ಕಡೆಗಿತ್ತು. ಮೋಡ ಒಂದ್ಸಲ ಸರೀತು ನೋಡು, ಇದು ಕಾಣಿಸ್ತು."

"ಅವರಿಗೆ ಹೇಳ್ಲಿಲ್ವಾ ಅಂಕಲ್?"

"ಹೇಳಿದ್ರೆ ಹೊರಟೇಬಿಡ್ತಿದ್ದ. ನನ್ನ ಬೆರಳು ಆಗಲೇ ಮರಗಟ್ಟಿತ್ತು. ಕೆಳಗೆ ಹೋದ್ಮೇಲೆ ಹೇಳೋಣ ಅಂದ್ಕೊಂಡೆ. ಅವನು ಕೆಳಗೆ ಬರಲೇ ಇಲ್ಲ. ಸತ್ತವನಿಗೆ ಶಿಖರಾನಾದ್ರೂ ಇರ್ಲಿ ಅಂತ ಆಮೇಲೆ ಸುಮ್ಮನಾದೆ."

ಈಗ ಅವರಿಗೆ ಆ ದಾಖಲೆ ತಿದ್ದಿಸಬೇಕಿತ್ತು. ಪರ್ವತಾರೋಹಿಗಳ ಪತ್ರಿಕೆಗೆ ಒಂದು ಕಾಗದ, ಅಷ್ಟೇ. "ಈ ಬೆರಳಿಗೆ ಕೀಬೋರ್ಡ್ ಬಗ್ಗಲ್ಲ. ನೀನು ಇಂಗ್ಲಿಷಲ್ಲಿ ಟೈಪ್ ಮಾಡ್ಕೊಡು, ಸೈನ್ ನಾನು ಮಾಡ್ತೀನಿ." ಮುಂದಿನ ವಾರ ಎಂದೆ.

ಓದು ಮುಗಿಯಿತು. ಕೆಲಸ ಸಿಕ್ಕಿ ಆಸ್ಟಿನ್‌ಗೆ ಶಿಫ್ಟ್ ಆದೆ. ಅಂಕಲ್ ಫೋನ್ ಮಾಡುತ್ತಿದ್ದರು.

"ಏನ್ ಶೆರ್ಪಾ ಸಾಹೇಬ್ರೇ, ಕಾಗದ ಎಲ್ಲಿವರೆಗೆ ಹತ್ತಿದೆ?"

"ಅರ್ಧ ದಾಟಿದೆ ಅಂಕಲ್."

ಒಂದು ಸಾಲೂ ಬರೆದಿರಲಿಲ್ಲ. ಸಮಯವಿರಲಿಲ್ಲ ಎಂದು ಹೇಳಿಕೊಂಡು ಬಂದಿದ್ದೇನೆ. ಸಮಯವಿತ್ತು. ನನಗೆ ಒಂದೇ ಗುಡ್ಡೆಯ ಕಥೆ ಇಷ್ಟವಾಗಿತ್ತು. ಆಫೀಸಿನಲ್ಲಿ ಅದನ್ನು ಹೇಳಿಕೊಂಡು ಮೆರೆದಿದ್ದೆ.

ಅಂಕಲ್ ತೀರಿಕೊಂಡ ಮೇಲೆ, ವೈಕುಂಠ ಸಮಾರಾಧನೆಯ ದಿನ ಅಕ್ಕ ಹೇಳಿದರು: "ನೀನೇ ನಾಲ್ಕು ಮಾತಾಡೋ. ಅಪ್ಪನ ಬೆಟ್ಟ ನಿನಗೇ ಚೆನ್ನಾಗಿ ಗೊತ್ತಿರೋದು." ಎದ್ದು ನಿಂತೆ. ಯಾರೂ ಮುಟ್ಟದ ತುದಿಯನ್ನು ಮುಟ್ಟಿ ಬಂದವರು ಎಂದೆ. ಮನೆ ತುಂಬ ಇದ್ದ ಜನ ಕಣ್ಣೊರೆಸಿಕೊಂಡರು.

ಅಂದಿನ ಊಟಕ್ಕೆ ಮೊಸರನ್ನವಿತ್ತು ಎಂದು ಬರೆಯಲು ಕೈ ತುಡಿಯುತ್ತದೆ. ಇತ್ತೋ ಇಲ್ಲವೋ, ನೆನಪಿಲ್ಲ. ಅಕ್ಕ ನನ್ನ ಕೈ ಹಿಡಿದು "ಥ್ಯಾಂಕ್ಸ್ ಕಣೋ" ಎಂದದ್ದು ಮಾತ್ರ ಖಂಡಿತ.

ಆ ಕಾಗದ ಹತ್ತು ನಿಮಿಷದ ಕೆಲಸ. ನಾವು ನಿಂತದ್ದು ತುದಿಯಲ್ಲ. ತುದಿ ಅದರ ಉತ್ತರಕ್ಕಿದೆ. ನನ್ನ ಜೊತೆಗಾರ ಅದನ್ನು ನೋಡಲಿಲ್ಲ. ನಾನು ನೋಡಿದೆ, ಹೇಳಲಿಲ್ಲ.

ಇಂಗ್ಲಿಷಿನಲ್ಲೂ ನಾಲ್ಕೇ ಸಾಲು ಬಂತು. ಟೈಪ್ ಮಾಡಿ ಇಟ್ಟಿದ್ದೇನೆ. ಸೈನ್ ಮಾಡಬೇಕಾದವರಿಲ್ಲ.