ಗ್ಲಾಸನ್ನೂ ನಂಬದ ಅನುಮಾನದಮ್ಮ

ಬೆಳಗಿನ ಹೊತ್ತು. ಬಾರಿನ ಮುಂಬಾಗಿಲ ಷಟರ್ ಇನ್ನೂ ಎದ್ದಿಲ್ಲ. ಹಿಂದಿನ ತೊಳೆಯುವ ಕೋಣೆಯಲ್ಲಿ ಮಾತ್ರ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ನಿಂತ ಹೆಂಗಸೊಬ್ಬರು ವಿಸ್ಕಿ ಗ್ಲಾಸೊಂದನ್ನು ಬೆಳಕಿಗೆ ಹಿಡಿದು, ಸುತ್ತ ತಿರುಗಿಸಿ, ಅದರೊಳಗೆ ಮೂಗು ತೂರಿಸುತ್ತಾರೆ. ಹುಬ್ಬು ಗಂಟಾಗುತ್ತದೆ. ಗ್ಲಾಸು ಮತ್ತೆ ಬಿಸಿನೀರು ಸೇರುತ್ತದೆ. ಮುಂದಿನದಕ್ಕೂ ಅದೇ ವಿಚಾರಣೆ.

ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ಅನುಮಾನದಮ್ಮ ಎಂದೇ. ಹೆಸರು ಸುಮ್ಮನೆ ಬಂದಿಲ್ಲ. ಸೋಪು ತರುವವನು, ಒರೆಸುವ ಬಟ್ಟೆ, ನಲ್ಲಿಯ ನೀರು, ಯಾವುದರ ಮೇಲೂ ನಂಬಿಕೆಯಿಲ್ಲ. ಪತ್ರಿಕೆಯಿಂದ ಹೋದವರನ್ನೂ ಮೇಲಿಂದ ಕೆಳಗೆ ಅಳೆಯುತ್ತಾರೆ. "ಪೇಪರ್‌ನೋರು ಅಂತೀರ. ಅಬಕಾರಿಯೋರಲ್ಲ ತಾನೇ?" ಎಂದು ಖಾತ್ರಿ ಮಾಡಿಕೊಂಡ ಮೇಲೇ ಕೂರಲು ಸ್ಟೂಲು ಸಿಗುತ್ತದೆ.

ದಿನಕ್ಕೆ ಇನ್ನೂರಕ್ಕೂ ಹೆಚ್ಚು ಗ್ಲಾಸುಗಳು ಇವರ ಕೈ ದಾಟಿ ಹೋಗುತ್ತವೆ. ತೊಳೆಯುವುದಷ್ಟೇ ಅಲ್ಲ, ಯಾರಿಗೆ ಯಾವ ಗ್ಲಾಸು ಎನ್ನುವುದೂ ಇವರದೇ ತೀರ್ಮಾನ. ಗೋಡೆಯ ಕಿಂಡಿಯಿಂದ ಗಿರಾಕಿಯನ್ನು ನೋಡಿ, ವಿಸ್ಕಿ ಸುರಿಯುವವನ ಕೈಗೆ ಗ್ಲಾಸು ದಾಟಿಸುತ್ತಾರೆ. "ಐಸ್ ಹಾಕ್ಕೊಂಡು ಹರಟೆ ಹೊಡ್ಯೋರಿಗೆ ದಪ್ಪ ತಳದ್ದು, ಅಗಲ ಬಾಯಿದು. ಸೋಡಾ ಬೇಕು ಅನ್ನೋರಿಗೆ ಉದ್ದಂದು. ಏನೂ ಬೆರೆಸ್ದೆ, ವಾಸನೆ ನೋಡ್ಕೊಂಡು ಗುಟುಕು ಗುಟುಕಾಗಿ ಕುಡಿಯೋರು ಇರ್ತಾರಲ್ಲ, ಅವ್ರಿಗೆ ಹೊಟ್ಟೆ ದಪ್ಪ, ಬಾಯಿ ಸಣ್ಣ ಇರೋದು. ವಾಸನೆ ಅತ್ತಿತ್ತ ಹೋಗಲ್ಲ, ನೇರ ಮೂಗಿಗೇ ಬರುತ್ತೆ." ಸ್ವತಃ ರುಚಿ ನೋಡಿದ್ದು ಒಂದೇ ಸಲ, ಅದೂ ನಾಲಿಗೆಯ ತುದಿಗೆ. "ಥೂ, ಗಂಟಲು ಸುಟ್ಟುಹೋಯ್ತು. ದುಡ್ಡು ಕೊಟ್ಟು ಇದನ್ನ ಕುಡೀತಾರಲ್ಲ, ಅವ್ರ ಮೇಲೂ ನಂಗೆ ಅನುಮಾನವೇ."

ಗಂಡ ಬೇಗ ತೀರಿಹೋದರು. ಕೈಯಲ್ಲಿ ಪುಟ್ಟ ಮಗಳು. ಔಷಧಿ ಕಾರ್ಖಾನೆಯೊಂದರಲ್ಲಿ ಬಾಟಲಿ ತೊಳೆಯುತ್ತಾ ಅವಳನ್ನು ಬೆಳೆಸಿದರು. ಒಂದು ಬಾಟಲಿ ವಾಸನೆ ಹೊಡೆದರೆ ಇಡೀ ಸಾಲಿಗೆ ಬೈಗುಳ. ಮೂಸಿ ನೋಡುವ ಚಟ ಅಂಟಿದ್ದು ಅಲ್ಲೇ. ಕಾರ್ಖಾನೆ ಮುಚ್ಚಿದಾಗ ಈ ಬಾರಿಗೆ ಬಂದರು. ಬೆರಳುಗಳ ತುಂಬ ಗಾಜು ಕೊಯ್ದ ಗೆರೆಗಳು. ಮಧ್ಯಾಹ್ನ ಊಟದ ಡಬ್ಬಿ ತರುತ್ತಿದ್ದ ಮಗಳು ವಿಸ್ಕಿ ಸುರಿಯುವವನನ್ನೇ ಮೆಚ್ಚಿ ಮದುವೆಯಾದಳು. ಲೋಕವನ್ನೆಲ್ಲ ಕಾಯುವ ತಾಯಿಯ ಕಣ್ಣಿಗೆ ಮೂಗಿನ ಕೆಳಗೇ ನಡೆದದ್ದು ಬೀಳಲಿಲ್ಲ. "ದಿನಾ ಬಾಟ್ಲಿ ಜೊತೆ ಸಂಸಾರ ಮಾಡೋನು ನನ್ನ ಮಗಳ ಜೊತೆ ಏನು ಸಂಸಾರ ಮಾಡ್ತಾನೆ ಅಂತ ಹೊಟ್ಟೆ ಉರೀತಿತ್ತು," ಎನ್ನುತ್ತಾರೆ, ಮುಚ್ಚುಮರೆಯಿಲ್ಲದೆ.

ಕಳೆದ ವರ್ಷ ಆ ಉರಿಗೆ ಗಾಳಿ ಸಿಕ್ಕಿತು. ವಿಸ್ಕಿಯಲ್ಲಿ ಸೈಕಲ್ ಟ್ಯೂಬಿನಂಥ ವಾಸನೆ ಬರುತ್ತಿದೆ ಎಂದು ಹಳೆಯ ಗಿರಾಕಿಗಳು ದೂರತೊಡಗಿದರು. ಸುರಿಯುವವನು ಅಗ್ಗದ ಮಾಲು ಬೆರೆಸುತ್ತಿದ್ದಾನೆ ಎಂದು ಬಾರಿನ ಯಜಮಾನರಿಗೆ ಸಂಶಯ. ಇನ್ನೊಂದು ದೂರು ಬಂದರೆ ಕೆಲಸವಿಲ್ಲ ಎಂದುಬಿಟ್ಟರು. ಮಗಳು ಆಗ ಏಳು ತಿಂಗಳ ಬಸುರಿ. ಅಷ್ಟಾದರೂ ಅನುಮಾನದಮ್ಮ ಯಜಮಾನರ ಕಿವಿಯಲ್ಲಿ, "ಅವನ ಮೇಲೆ ಒಂದು ಕಣ್ಣಿಟ್ಟಿರಿ," ಎಂದು ಊದಿದರು. ಮೊಳೆಗೆ ನೇತುಹಾಕಿದ್ದ ಅಳಿಯನ ಅಂಗಿಯನ್ನು ಮೂಸಿದರು, ಚೀಲ ತಡಕಿದರು. ಏನೂ ಸಿಗಲಿಲ್ಲ. ಸಿಗದಿದ್ದಕ್ಕೆ ಅನುಮಾನ ಇನ್ನಷ್ಟು ಬಲಿಯಿತು.

ವಿಷಯ ಮಗಳ ಕಿವಿಗೆ ಬಿತ್ತು. ಅವಳು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. "ಅಮ್ಮಾ, ಊರನ್ನೆಲ್ಲಾ ಮೂಸ್ತೀಯಲ್ಲ, ನಿನ್ನ ಕೈ ಯಾವತ್ತಾದ್ರೂ ಮೂಸ್ಕೊಂಡಿದೀಯಾ?" ಎಂದಷ್ಟೇ ಕೇಳಿ ಒಳಗೆ ಹೋದಳು.

ಮಾತು ಮುಖಕ್ಕೆ ಹೊಡೆದ ಹಾಗಿತ್ತು. ಮರುದಿನ ಕಿಂಡಿಯಲ್ಲಿ ನಿಂತು ನೋಡಿದರೆ, ಮುಖ ಸಿಂಡರಿಸುತ್ತಿದ್ದವರೆಲ್ಲ ಸಣ್ಣ ಬಾಯಿಯ ಗ್ಲಾಸಿನವರೇ. ಅದೇ ಬಾಟಲಿಯಿಂದ ಅಗಲ ಗ್ಲಾಸಿಗೆ ಸುರಿಸಿಕೊಂಡವರು ಹಾಯಾಗಿದ್ದರು. ಅಂದರೆ ತಪ್ಪು ಬಾಟಲಿಯದ್ದಲ್ಲ. ತೊಳೆದ ಗ್ಲಾಸು ಜೋಡಿಸಿಡುವ ಹಲಗೆಯಿಂದ ಸಣ್ಣ ಬಾಯಿಯದೊಂದನ್ನು ತೆಗೆದು ಮೂಸಿದರು. ರಬ್ಬರಿನ ವಾಸನೆ. ಗ್ಲಾಸು ಜಾರಿ ಬಾಯಿ ಮುಕ್ಕಾಗುತ್ತದೆ ಎಂದು ಯಜಮಾನರ ಬೆನ್ನುಬಿದ್ದು ಹಲಗೆಗೆ ರಬ್ಬರ್ ಹಾಸು ತರಿಸಿದ್ದು ಇವರೇ. ಜಿರಳೆ ಹೊಕ್ಕೀತು ಎಂದು ಅದರ ಮೇಲೆ ಗ್ಲಾಸುಗಳನ್ನು ಬೋರಲು ಹಾಕಿದ್ದೂ ಇವರೇ. ರಾತ್ರಿಯಿಡೀ ವಾಸನೆ ಒಳಗೇ ಕೂರುತ್ತಿತ್ತು. ಅಗಲ ಬಾಯಿಯದು ಕೈಗೆತ್ತಿಕೊಂಡ ಕೂಡಲೇ ಬಿಟ್ಟುಕೊಡುತ್ತಿತ್ತು, ಸಣ್ಣ ಬಾಯಿಯದು ಹಿಡಿದಿಟ್ಟುಕೊಳ್ಳುತ್ತಿತ್ತು. "ತೊಳೆದ ತಕ್ಷಣ ಮೂಸ್ತಿದ್ದೆ. ಹಲಗೆಯಿಂದ ತೆಗೆದಾಗ ಮೂಸ್ತಿರ್ಲಿಲ್ಲ. ನಾನೇ ಇಟ್ಟಿದ್ದಲ್ವಾ ಅಂತ."

ಹಾಸನ್ನು ಸದ್ದಿಲ್ಲದೆ ಕಸಕ್ಕೆ ಎಸೆಯಬಹುದಿತ್ತು. ವಾಸನೆ ಹೋಗುತ್ತಿತ್ತು, ಅಳಿಯನ ಮೇಲಿನ ಕಳಂಕ ಮಾತ್ರ ಉಳಿಯುತ್ತಿತ್ತು. ಅನುಮಾನದಮ್ಮ ಅದನ್ನು ಸುತ್ತಿಕೊಂಡು ಹೋಗಿ ಯಜಮಾನರ ಮೇಜಿನ ಮೇಲೆ, ಎಲ್ಲರೆದುರೇ ಇಟ್ಟರು. "ಯಜಮಾನ್ರೇ, ಕಳ್ಳ ಇಲ್ಲಿದಾನೆ. ಕರ್ಕೊಂಡು ಬಂದಿದ್ದು ನಾನೇ." ಯಜಮಾನರು ಮೂಸಿ ನೋಡಿ, ಅಳಿಯನಿಗೆ, ಹೋಗಿ ನಿನ್ನ ಕೆಲಸ ಮುಂದುವರಿಸು ಎಂದರು. "ಗೂಬೆ ಕೂರ್ಸಿದ್ದು ನಾನು. ಇಳಿಸೋಕೆ ಬೇರೆಯೋರು ಬರ್ತಾರಾ?" ಎನ್ನುವಾಗ ಇವರ ದನಿ ಸಣ್ಣಗಾಗುತ್ತದೆ. ನಾಚಿಕೆ ಇನ್ನೂ ಆರಿಲ್ಲ.

ಈಗ ಅಳಿಯನ ಮೇಲೆ ನಂಬಿಕೆ ಬಂತೇ? "ವಿಸ್ಕಿ ವಿಷಯದಲ್ಲಿ ಬಂತು. ಮಿಕ್ಕಿದ್ದು ನೋಡೋಣ."

ಷಟರ್ ಏಳುತ್ತದೆ. ಅಳಿಯ ಬಂದು, "ಅತ್ತೆ, ಗ್ಲಾಸು," ಎಂದು ಕಿಂಡಿಗೆ ಕೈಯೊಡ್ಡುತ್ತಾನೆ. ಕೊಟ್ಟದ್ದನ್ನು ನೇರವಾಗಿ ಜೋಡಿಸುವುದಿಲ್ಲ. ಒಂದೊಂದನ್ನೇ ಮೂಗಿನ ಹತ್ತಿರ ಹಿಡಿದು ಮೂಸುತ್ತಾನೆ. ಒಂದನ್ನು ವಾಪಸು ತಳ್ಳುತ್ತಾನೆ.

ಅನುಮಾನದಮ್ಮ ಅದನ್ನು ತಾವೂ ಮೂಸುತ್ತಾರೆ. ಏನೂ ವಾಸನೆಯಿಲ್ಲ. ಆದರೂ ಬಿಸಿನೀರಿಗೆ ಹಾಕುತ್ತಾರೆ. "ಮೊದಮೊದಲು ಮೈಯೆಲ್ಲಾ ಉರೀತಿತ್ತು, ನಾನು ತೊಳೆದಿದ್ದನ್ನೇ ಮೂಸ್ತಾನಲ್ಲ ಅಂತ. ಈಗ ಮೂಸ್ಲಿ ಅನ್ಸುತ್ತೆ. ನಾನು ಹೋದ್ಮೇಲೆ ಇಲ್ಲಿ ನಂಬದೇ ಇರೋರು ಒಬ್ರಾದ್ರೂ ಬೇಕಲ್ಲ."